ಏಂಜಲ್ ಫಿಶ್‌ಗೆ ಎತ್ತರದ ಟ್ಯಾಂಕ್: ಅಳತೆ ಸರಿ, ಡಬ್ಬಿಯ ಮೇಲಿನ ಚಿತ್ರ ತಪ್ಪು

60 ಸೆಂಟಿಮೀಟರ್ ಉದ್ದ, 40 ಸೆಂಟಿಮೀಟರ್ ಅಗಲ ಮತ್ತು 50 ಸೆಂಟಿಮೀಟರ್ ಎತ್ತರವಿರುವ ಈ ಗಾಜಿನ ಟ್ಯಾಂಕನ್ನು ಫಿಲ್ಟರ್, ಎಲ್‌ಇಡಿ ದೀಪ ಹಾಗೂ ಮುಚ್ಚಳದ ಸಮೇತ ಏಂಜಲ್ ಫಿಶ್ ಸಾಕುವವರಿಗೆಂದೇ ಮಾರಲಾಗುತ್ತದೆ. ನನ್ನ ಏಂಜಲ್ ಜೋಡಿ ನಾಣ್ಯದ ಗಾತ್ರದ ಮರಿಗಳಾಗಿದ್ದಾಗ ಇದಕ್ಕೆ ಬಂದು, ಮೊಟ್ಟೆಯಿಡುವ ವಯಸ್ಸಿನವರೆಗೂ ಇದರಲ್ಲೇ ಬೆಳೆದಿದೆ. ಎತ್ತರದ ವಿಷಯದಲ್ಲಿ ತಯಾರಕರು ಸರಿಯಾಗಿಯೇ ಯೋಚಿಸಿದ್ದಾರೆ. ಎಷ್ಟು ಮೀನು ಬಿಡಬಹುದು ಎಂಬ ವಿಷಯದಲ್ಲಿ ಮಾತ್ರ ಕೊಳ್ಳುವವರ ದಾರಿ ತಪ್ಪಿಸಿದ್ದಾರೆ.

ಅಮೆಜಾನ್ ನದಿಯ ಜಲಾನಯನ ಪ್ರದೇಶದಿಂದ ಬಂದ ಈ ಸಿಕ್ಲಿಡ್ ಮೀನು, ನೀರಿನಲ್ಲಿ ಮುಳುಗಿದ ಬೇರು ಹಾಗೂ ಕಾಂಡಗಳ ಸಂದಿಯಲ್ಲಿ ನುಸುಳಲು ಅನುಕೂಲವಾಗುವಂತೆ ಚಪ್ಪಟೆಯಾಗಿ, ಉದ್ದಕ್ಕಿಂತ ಎತ್ತರವಾಗಿ ಬೆಳೆಯುತ್ತದೆ. ಚೆನ್ನಾಗಿ ಬೆಳೆದ ಸ್ಕೇಲರೆ ಜಾತಿಯ ಏಂಜಲ್‌ನ ಮೈ ಸುಮಾರು 15 ಸೆಂಟಿಮೀಟರ್ ಉದ್ದವಿದ್ದರೆ, ಮೇಲಿನ ರೆಕ್ಕೆಯ ತುದಿಯಿಂದ ಕೆಳಗಿನ ರೆಕ್ಕೆಯ ತುದಿಯವರೆಗಿನ ಎತ್ತರ 20 ಸೆಂಟಿಮೀಟರನ್ನೂ ದಾಟಬಹುದು. ಹೊಸಬರು ಸಾಮಾನ್ಯವಾಗಿ ಕೊಳ್ಳುವ, 30 ಸೆಂಟಿಮೀಟರ್ ಎತ್ತರದ ಟ್ಯಾಂಕಿನಲ್ಲಿ ತಳದ ಜಲ್ಲಿಗೂ ಮೇಲೆ ಬಿಡಬೇಕಾದ ಖಾಲಿ ಜಾಗಕ್ಕೂ ಕಳೆದರೆ ಉಳಿಯುವ ನೀರು ಇದಕ್ಕಿಂತ ಹೆಚ್ಚೇನೂ ಇರುವುದಿಲ್ಲ. ಅಂಥ ಕಡೆ ಬೆಳೆದ ಮೀನಿನ ಎದೆಯಡಿಯಿಂದ ಇಳಿಬಿದ್ದ ಎರಡು ಎಳೆರೆಕ್ಕೆಗಳು ಜಲ್ಲಿಗೆ ತಾಗಿ ತಾಗಿ ತುದಿಯಲ್ಲಿ ಬಾಗಿರುವುದನ್ನು ನೋಡಿದ್ದೇನೆ. ಈ ಟ್ಯಾಂಕಿನಲ್ಲಿ 5 ಸೆಂಟಿಮೀಟರ್ ಜಲ್ಲಿ ಹಾಸಿದ ಮೇಲೂ 40 ಸೆಂಟಿಮೀಟರ್‌ನಷ್ಟು ನೀರು ನಿಲ್ಲುತ್ತದೆ. ನನ್ನ ಜೋಡಿಯ ಎಳೆರೆಕ್ಕೆಗಳು ನೆಟ್ಟಗೆ ಇಳಿದಿವೆ.

ಎತ್ತರವೊಂದೇ ಸಾಲದು. ಉದ್ದ, ಅಗಲ ಎರಡೂ ಚಿಕ್ಕದಾಗಿ ಎತ್ತರ ಮಾತ್ರ ಹೆಚ್ಚಿರುವ ಕಂಬದಾಕಾರದ ಟ್ಯಾಂಕ್‌ಗಳು ನೋಡಲು ಚಂದ, ಆದರೆ ಅವುಗಳಲ್ಲಿ ಗಾಳಿಗೆ ತೆರೆದುಕೊಳ್ಳುವ ನೀರಿನ ಮೇಲ್ಮೈ ಕಡಿಮೆಯಾದ್ದರಿಂದ ಆಮ್ಲಜನಕ ಬೆರೆಯುವುದೂ ಕಡಿಮೆ, ಮೀನಿಗೆ ತಿರುಗಾಡಲು ಜಾಗವೂ ಕಡಿಮೆ. ಇಲ್ಲಿ 40 ಸೆಂಟಿಮೀಟರ್ ಅಗಲ ಇಟ್ಟಿರುವುದು ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಅಂಶ. ಮೀನು ಗಾಜಿಗೆ ಮೈ ಉಜ್ಜದೆ ಸರಾಗವಾಗಿ ಹಿಂದಿರುಗುತ್ತದೆ, ಹಿಂಬದಿಯಲ್ಲಿ ವ್ಯಾಲಿಸ್ನೇರಿಯಾದ ಸಾಲು ನೆಟ್ಟರೂ ಮುಂದೆ ಈಜಲು ಧಾರಾಳವಾಗಿ ಜಾಗ ಉಳಿಯುತ್ತದೆ.

ಇನ್ನು ಫಿಲ್ಟರ್. ಮೋಟಾರ್ ಸದ್ದಿಲ್ಲದೆ ಓಡುತ್ತದೆ, ಸ್ಪಾಂಜ್ ತೊಳೆಯುವುದೂ ಸುಲಭ, ಆದರೆ ಹೊರಬರುವ ನೀರಿನ ರಭಸ ಏಂಜಲ್‌ಗೆ ಒಗ್ಗುವಂಥದ್ದಲ್ಲ. ನಿಧಾನವಾಗಿ ಹರಿಯುವ ನೀರಿನಲ್ಲಿ ಬಾಳುವ ಈ ಮೀನಿನ ಅಗಲವಾದ ಮೈಗೆ ನೇರ ಸೆಳೆತ ಬಡಿದಾಗ ಅದು ಒಂದು ಮೂಲೆ ಹಿಡಿದು, ರೆಕ್ಕೆ ಮುದುಡಿಕೊಂಡು, ಆಹಾರ ಹಾಕಿದಾಗ ಮಾತ್ರ ಹೊರಬರುತ್ತದೆ. ನೀರು ಹೊರಚೆಲ್ಲುವ ಕೊಳವೆಯನ್ನು ಹಿಂಬದಿಯ ಗಾಜಿನ ಕಡೆಗೆ ತಿರುಗಿಸಿದರೆ ರಭಸ ಅಲ್ಲಿಯೇ ಮುರಿಯುತ್ತದೆ. ಕೈಪಿಡಿಯಲ್ಲಿ ಈ ಕುರಿತು ಒಂದಕ್ಷರವೂ ಇಲ್ಲ. ಹೊಸ ಫಿಲ್ಟರ್‌ನಲ್ಲಿ, ಮೀನಿನ ತ್ಯಾಜ್ಯದಿಂದ ಉಂಟಾಗಿ ಮೀನಿಗೇ ವಿಷವಾಗುವ ಅಮೋನಿಯವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ಅದೇ ಕೈಪಿಡಿ ಮಾತ್ರ ಮರುದಿನವೇ ಮೀನು ಬಿಡಬಹುದೆಂದು ಹೇಳುತ್ತದೆ. ಇದು ಸಣ್ಣ ತಪ್ಪಲ್ಲ: ಪರೀಕ್ಷಾ ಕಿಟ್‌ನಲ್ಲಿ ಅಮೋನಿಯ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿಸುವವರೆಗೆ ಮೀನು ತರಲೇಬಾರದು.

ದೀಪದ ಬೆಳಕು ತಳದವರೆಗೆ ತಲುಪುವಾಗ ಸಾಕಷ್ಟು ಮಂಕಾಗುವುದರಿಂದ ನೆಲಕ್ಕೆ ಹರಡುವ ಗಿಡಗಳ ಆಸೆ ಬಿಡಬೇಕು. ಅನುಬಿಯಾಸ್, ಜಾವಾ ಫರ್ನ್‌ಗಳಿಗೆ ಅಷ್ಟು ಬೆಳಕು ಸಾಕು. ಹೀಟರನ್ನು ಸೆಟ್‌ನಲ್ಲಿ ಕೊಟ್ಟಿಲ್ಲ. ನೀರು 25ರಿಂದ 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಾನಾಗಿಯೇ ನಿಲ್ಲದ ಮನೆಗಳಲ್ಲಿ ಅದನ್ನು ಬೇರೆಯಾಗಿ ಕೊಳ್ಳಬೇಕಾಗುತ್ತದೆ. ಗಾಜು 8 ಮಿಲಿಮೀಟರ್ ದಪ್ಪವಿದ್ದು, ಸಿಲಿಕೋನ್ ಅಂಟಿನ ಗೆರೆಗಳು ಗುಳ್ಳೆಗಳಿಲ್ಲದೆ ಒಂದೇ ಸಮನಾಗಿವೆ. ನೀರು, ಜಲ್ಲಿ, ಗಾಜು ಎಲ್ಲ ಸೇರಿ ತೂಕ ಸುಮಾರು 140 ಕಿಲೋಗ್ರಾಂ ಆಗುವುದರಿಂದ ಪುಸ್ತಕದ ಕಪಾಟಿನ ಮೇಲೆ ಇಡುವ ಯೋಚನೆ ಬೇಡ. ತಳ ಒರೆಸುವಾಗ ತೋಳು ಭುಜದವರೆಗೆ ನೆನೆಯುತ್ತದೆ ಎಂಬುದನ್ನೂ ಹೇಳಿಬಿಡಬೇಕು.

ಡಬ್ಬಿಯ ಮೇಲೆ ಆರು ದೊಡ್ಡ ಏಂಜಲ್‌ಗಳು ನಿಯಾನ್ ಟೆಟ್ರಾಗಳ ಗುಂಪಿನೊಡನೆ ಈಜುತ್ತಿರುವ ಚಿತ್ರವಿದೆ. ಈ ಚಿತ್ರವನ್ನು ನಂಬಿ ಮೀನು ತರುವವರಿಗೆ ಎರಡು ಬಗೆಯ ತೊಂದರೆ ಕಾದಿದೆ. ಬೆಳೆದ ಏಂಜಲ್‌ನ ಬಾಯಿಗೆ ಹಿಡಿಸುವಷ್ಟು ತೆಳ್ಳಗಿರುವ ನಿಯಾನ್‌ಗಳು ರಾತ್ರಿ ಬೆಳಗಾಗುವುದರೊಳಗೆ ಒಂದೊಂದಾಗಿ ಕಾಣೆಯಾಗುತ್ತವೆ. ಆರರಲ್ಲಿ ಎರಡು ಜೋಡಿಗೂಡಿ ಒಂದು ಎಲೆಯನ್ನೋ ಕೊಳವೆಯನ್ನೋ ತಮ್ಮದೆಂದು ಆರಿಸಿಕೊಂಡವೆಂದರೆ, 60 ಸೆಂಟಿಮೀಟರ್ ಉದ್ದದಲ್ಲಿ ಉಳಿದ ನಾಲ್ಕಕ್ಕೆ ತಪ್ಪಿಸಿಕೊಳ್ಳಲು ಎಡೆಯಿರುವುದಿಲ್ಲ. ಹರಿದ ರೆಕ್ಕೆಗಳನ್ನು ಹೊತ್ತು ನೀರಿನ ಮೇಲ್ಭಾಗದ ಮೂಲೆಯಲ್ಲಿ ಒತ್ತಿಕೊಂಡು ನಿಲ್ಲುತ್ತವೆ. ನಾಲ್ಕಾರು ಮರಿಗಳನ್ನು ಒಟ್ಟಿಗೆ ಬೆಳೆಸಿ, ಜೋಡಿ ಕಟ್ಟಿದೊಡನೆ ಉಳಿದವನ್ನು ಬೇರೆ ಕಡೆಗೆ ಸಾಗಿಸುವ ವ್ಯವಸ್ಥೆಯಿದ್ದರೆ ಅಡ್ಡಿಯಿಲ್ಲ. ಅದಿಲ್ಲದವರು ಈ ಟ್ಯಾಂಕನ್ನು ಒಂದು ಜೋಡಿಗೆ ಮತ್ತು ತಳದಲ್ಲಿ ಓಡಾಡುವ ಕೆಲವು ಕೊರಿಡೋರಾಸ್‌ಗಳಿಗೆ ಮೀಸಲಿಡುವುದು ಲೇಸು.

ಹಾಗೆ ಮೀಸಲಿಟ್ಟ ಜೋಡಿಗೆ ಇದು ಒಳ್ಳೆಯ ಮನೆ. ನನ್ನ ಹೆಣ್ಣು ಮೀನು ಅಗಲವಾದ ಎಲೆಗಳಿರುವ ಅಮೆಜಾನ್ ಸ್ವೋರ್ಡ್ ಗಿಡವನ್ನು ಬಿಟ್ಟು ಫಿಲ್ಟರ್‌ನ ಕಪ್ಪು ಕೊಳವೆಯ ಮೇಲೆಯೇ ಸಾಲು ಸಾಲಾಗಿ ಮೊಟ್ಟೆ ಅಂಟಿಸುತ್ತದೆ, ಆಮೇಲೆ ಎರಡೂ ಸರದಿಯಂತೆ ರೆಕ್ಕೆ ಬೀಸಿ ಅವುಗಳ ಮೇಲೆ ನೀರು ಹಾಯಿಸುತ್ತವೆ, ಬಿಳುಪಾದ ಕೆಟ್ಟ ಮೊಟ್ಟೆಗಳನ್ನು ಬಾಯಿಂದ ಆರಿಸಿ ತೆಗೆಯುತ್ತವೆ. ಮರಿಗಳು ಬೇಕೆನ್ನುವವರು ಈ ಫಿಲ್ಟರ್‌ನ ಹೀರುವ ಸೀಳುಗಳ ಬಗ್ಗೆ ಎಚ್ಚರದಿಂದಿರಬೇಕು: ಸುಮಾರು ಎರಡೂವರೆ ದಿನಕ್ಕೆ ಒಡೆದು, ಒಂದು ವಾರದ ಆಸುಪಾಸಿನಲ್ಲಿ ಈಜತೊಡಗುವ ಮರಿಗಳು ಅವುಗಳ ಮೂಲಕ ಸಲೀಸಾಗಿ ಒಳಸೇರುತ್ತವೆ. ಸೀಳುಗಳ ಮೇಲೆ ಒರಟು ಸ್ಪಾಂಜಿನ ಕವಚ ತೊಡಿಸಿದರೆ ಈ ಅಪಾಯ ತಪ್ಪುತ್ತದೆ. ಆ ಕವಚವನ್ನು ತಯಾರಕರು ಸೆಟ್‌ನಲ್ಲೇ ಕೊಡಬೇಕಿತ್ತು.