ಬೈನಾಕ್ಯುಲರ್ ಡಬ್ಬಿಯ ಮೇಲಿನ 30×60 ನಂಬಬೇಡಿ

ಚಳಿಗಾಲಕ್ಕೆ ಆಲಮಟ್ಟಿ ಹಿನ್ನೀರಿಗೆ ಹಕ್ಕಿಗಳು ಬರುತ್ತವೆ. ಅದೇ ಹೊತ್ತಿಗೆ ನಮ್ಮ ಫೋನಿಗೆ ಬೈನಾಕ್ಯುಲರ್ ಜಾಹೀರಾತುಗಳೂ ಬರುತ್ತವೆ. "30×60, ಹಗಲು ರಾತ್ರಿ ಎರಡಕ್ಕೂ, ಮಿಲಿಟರಿ ಕ್ವಾಲಿಟಿ, ಬರೀ 1,850 ರೂಪಾಯಿ." ಡಬ್ಬಿಯ ಮೇಲೆ ಎಂಆರ್‌ಪಿ ಮಾತ್ರ 7,999! ತಂಗಿಯ ಮಗನಿಗೆ ಹಕ್ಕಿ ಹುಚ್ಚು ಹಿಡಿದಿದೆ ಅಂತ ಇಂಥದ್ದೊಂದನ್ನು ತರಿಸಿದೆ. ಬಾಗಲಕೋಟೆ, ವಿಜಯಪುರ ಕಡೆ ಹೊಸದಾಗಿ ಹಕ್ಕಿ ನೋಡಲು ಹೊರಟವರು ಕೊಳ್ಳುವ ಮೊದಲು ಇದನ್ನು ಓದಿ.

ಆ ಎರಡು ಸಂಖ್ಯೆಗಳಲ್ಲಿ ಮೊದಲನೆಯದು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 60 ಅಂದಮೇಲೆ ಗಾಜು ಆರು ಸೆಂಟಿಮೀಟರ್ ಇರಬೇಕು ಅಲ್ವಾ? ಹುಡುಗನ ಕಂಪಾಸ್ ಪೆಟ್ಟಿಗೆಯ ಸ್ಕೇಲ್ ಹಿಡಿದರೆ ಮೂರೂ ಪೂರ್ತಿ ಇರಲಿಲ್ಲ. 30 ಪಟ್ಟು ಅನ್ನುವುದೂ ಅಷ್ಟೇ. ಗೆಳೆಯರೊಬ್ಬರ 8×42ರಲ್ಲಿ ಒಂದು ಬಣ್ಣದ ಕೊಕ್ಕರೆ ನೋಡಿ, ಅದನ್ನೇ ಇದರಲ್ಲೂ ನೋಡಿದೆವು. ಹೆಚ್ಚುಕಡಿಮೆ ಒಂದೇ ಗಾತ್ರ. ಇದರಲ್ಲಿ ಮಬ್ಬು ಮಾತ್ರ ಜಾಸ್ತಿ.

ಗಾಜಿಗೆ ಕೆಂಪು ಲೇಪ ಬೇರೆ. ನೋಡಲು ಭಾರಿ ಸಾಮಾನು ಅನ್ನಿಸುತ್ತದೆ. ಆದರೆ ಅದು ಕೆಂಪು ಬೆಳಕನ್ನು ಹೊರಗೇ ತಿರುಗಿಸಿ ಕಳಿಸುತ್ತದೆ. ಒಳಗೆ ಕಾಣುವುದೆಲ್ಲ ಹಸಿರು ನೀಲಿ. ರಾಜಹಂಸದ ರೆಕ್ಕೆಯ ಗುಲಾಬಿ ಬಣ್ಣವೇ ಮಾಯ. ಅದನ್ನು ನೋಡೋಕೆ ಅಂತಲೇ ಅಲ್ವಾ ದಂಡೆಗೆ ಹೋಗುವುದು!

ಇದನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಇನ್ನೊಂದು. "ಮಾಮಾ, ಒಂದೊಂದು ಹಕ್ಕಿ ಎರಡೆರಡು ಕಾಣಾಕತ್ತಾವ" ಅಂದ ಹುಡುಗ. ಎರಡು ಕೊಳವೆಗಳೂ ಒಂದೇ ಕಡೆ ನೋಡುತ್ತಿರಲಿಲ್ಲ. ಕಣ್ಣುಗಳು ಹೇಗೋ ಎಳೆದಾಡಿ ಎರಡನ್ನೂ ಕೂಡಿಸುತ್ತವೆ, ಸ್ವಲ್ಪ ಹೊತ್ತಿಗೆ ತಲೆನೋವು ಶುರು. ಹಕ್ಕಿ ನೋಡುವುದು ಅಂದ್ರೆ ಇಷ್ಟೇನಾ ಅಂತ ಮಕ್ಕಳು ಬಿಟ್ಟೇಬಿಡುತ್ತಾರೆ.

ಮಾರಿದವನಿಗೆ ಫೋನ್ ಮಾಡಿದರೆ, "ಸರ, ಬೇರೆ ಪೀಸ್ ಕಳಸ್ತೀವ್ರಿ, ರೊಕ್ಕ ವಾಪಸ್ ಇಲ್ಲ" ಅಂದ. ಬಂದದ್ದೂ ಅಂಥದ್ದೇ. ಆಮೇಲೆ ಫೋನ್ ಎತ್ತಲಿಲ್ಲ.

ಹಾಗಾದರೆ ಯಾವುದು ತಗೋಬೇಕು? 8×40 ಅಥವಾ 8×42. ಹೆಸರಿರುವ ಕಂಪನಿಯದು, ಬಿಲ್ಲು ಮತ್ತು ವಾರಂಟಿ ಸಮೇತ. ಐದರಿಂದ ಹತ್ತು ಸಾವಿರದೊಳಗೆ ಸಿಗುತ್ತದೆ. ಅಷ್ಟು ಕೈಗೂಡದಿದ್ದರೆ ಸ್ವಲ್ಪ ಕಾಯಿರಿ, ಅಲ್ಲಿವರೆಗೆ ಬರಿಗಣ್ಣೇ ಈ ಆಟಿಕೆಗಿಂತ ವಾಸಿ. ಜೂಮ್ ಇರುವುದು, "ಫೋಕಸ್ ಬೇಕಿಲ್ಲ" ಅನ್ನುವುದು ಎರಡೂ ಬೇಡ. ಹಿನ್ನೀರಿನಲ್ಲಿ ಪಟ್ಟೆತಲೆ ಹೆಬ್ಬಾತುಗಳು ದೂರ ಕೂತಿರುತ್ತವೆ, ಹೆಚ್ಚು ಪಟ್ಟು ಬೇಕು ಅನ್ನಿಸುವುದು ನಿಜ. ಆದರೆ ಪಟ್ಟು ಹೆಚ್ಚಿದಷ್ಟೂ ಕೈ ನಡುಕವೂ ಹೆಚ್ಚಿ ಕಾಣುತ್ತದೆ, ನೋಟದ ಅಗಲ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಹಾರುವ ಹಕ್ಕಿ ಸಿಗುವುದೇ ಇಲ್ಲ. ಬಿಸಿಲೇರಿದ ಮೇಲೆ ಎರೆಹೊಲದ ಬಿಸಿಗಾಳಿಯಲ್ಲಿ ದೂರದ್ದೆಲ್ಲ ಅಲುಗಾಡುತ್ತದೆ, ಆಗ ಎಷ್ಟು ಪಟ್ಟಿದ್ದರೂ ಅಷ್ಟೇ.

ಅಂಗಡಿಯಲ್ಲಿ ಕೊಳ್ಳುವುದಾದರೆ ಬಾಗಿಲ ಹೊರಗೆ ಬಂದು ನೋಡಿ. ಕೈಯಷ್ಟು ದೂರ ಹಿಡಿದು ಆಕಾಶದ ಕಡೆ ತಿರುಗಿಸಿದರೆ (ಸೂರ್ಯನ ಕಡೆ ಅಪ್ಪಿತಪ್ಪಿಯೂ ಬೇಡ) ಕಣ್ಣಿನ ಕಡೆಯ ಗಾಜಿನಲ್ಲಿ ಬೆಳಕಿನ ಚಿಕ್ಕ ಚುಕ್ಕೆ ಕಾಣುತ್ತದೆ. ಅದು ಗುಂಡಗಿರಬೇಕು. ಅಂಚು ಕತ್ತರಿಸಿದ ಹಾಗೆ ಚೌಕವಾಗಿದ್ದರೆ ಒಳಗಿನ ಪ್ರಿಸಂ ಅಗ್ಗದ್ದು. ದೂರದ ಕರೆಂಟ್ ತಂತಿ ನೋಡುತ್ತಾ ನಿಧಾನ ಕಣ್ಣಿನಿಂದ ಹಿಂದಕ್ಕೆ ಸರಿಸಿ, ಎರಡು ಕಡೆಯ ತಂತಿಯೂ ಒಂದೇ ಮಟ್ಟದಲ್ಲಿರಬೇಕು. ಕನ್ನಡಕದವರು ರಬ್ಬರ್ ಬಟ್ಟಲು ಮಡಚಿ, ಅಂಚಿನವರೆಗೆ ಪೂರ್ತಿ ಕಾಣುತ್ತದಾ ನೋಡಿ. ಎರಡು ಕಣ್ಣುಗಳ ದೃಷ್ಟಿಯ ವ್ಯತ್ಯಾಸ ಸರಿಹೊಂದಿಸಲು ಬಲಗಣ್ಣಿನ ಹತ್ತಿರ ಒಂದು ಉಂಗುರ ಇರುತ್ತದೆ, ಅದನ್ನು ತಿರುಗಿಸಿಕೊಳ್ಳುವುದನ್ನೂ ಕೇಳಿ ತಿಳಿಯಿರಿ. ಅದು ಗೊತ್ತಿಲ್ಲದೆ ಒಳ್ಳೆಯದನ್ನೂ ಕೆಟ್ಟದ್ದು ಅಂತ ವಾಪಸ್ ಕೊಟ್ಟವರಿದ್ದಾರೆ.

ಅಂದಹಾಗೆ, ಅದೇ ಫೋಟೋದ ಜಾಹೀರಾತು ಮೊನ್ನೆ ಬೇರೆ ಹೆಸರಿನಲ್ಲಿ ಬಂತು. ಈಗ ಅದು 50×50 ಅಂತೆ.