ಅಡಿಕೆ ತೋಟದ ಹುಲ್ಲಿಗೆ ಯಾವ ಯಂತ್ರ? ಟು-ಸ್ಟ್ರೋಕ್, ಫೋರ್-ಸ್ಟ್ರೋಕ್, ಕುಳಿತು ಓಡಿಸುವ ಮೂವರ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹೆಗಲಿಗೆ ತೂಗುಹಾಕಿ ಹುಲ್ಲು ಕೊಚ್ಚುವ ಫೋರ್-ಸ್ಟ್ರೋಕ್ ಯಂತ್ರಕ್ಕೆ (ಬ್ರಷ್ ಕಟರ್). ಬೆನ್ನಿಗೆ ಹೊರುವ, ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಟು-ಸ್ಟ್ರೋಕ್ ಅನ್ನು ಹಣ ಕೊಟ್ಟು ಕೊಂಡು, ಮತ್ತೆ ಹಣ ಕೊಟ್ಟು ರಿಪೇರಿ ಮಾಡಿಸಿದ ಮೇಲೆ ಗಟ್ಟಿಯಾದ ಅಭಿಪ್ರಾಯ ಇದು. ಕುಳಿತು ಓಡಿಸುವ ಲಾನ್ ಮೂವರ್ ನನ್ನದಲ್ಲ. ಬ್ರಹ್ಮಾವರದ ಕಡೆ ಸಂಬಂಧಿಕರ ಜಾಗದಲ್ಲಿ ಅದನ್ನು ಆಗೀಗ ಓಡಿಸಿದ್ದೇನೆ, ಅದರ ಹೊಟ್ಟೆಯನ್ನೂ ತೊಳೆದಿದ್ದೇನೆ.

ನನ್ನ ತೋಟ ಪೆರ್ಡೂರಿನ ಹತ್ತಿರ. ಒಂದೂಕಾಲು ಎಕರೆ ಅಡಿಕೆ, ಮರಕ್ಕೆ ಹಬ್ಬಿಸಿದ ಕಾಳುಮೆಣಸು, ಸಾಲುಗಳ ನಡುವೆ ಕಣಿ (ನೀರು ಹರಿಯುವ ಕಾಲುವೆ), ಹಿಂದೆ ದರೆ (ಕಡಿದಾದ ಮಣ್ಣಿನ ಗೋಡೆ), ದರೆಯ ಮೇಲೆ ಕಮ್ಯುನಿಸ್ಟ್ ಗಿಡ ಎಂಬ ಕಳೆ ತುಂಬಿದ ಗುಡ್ಡ. ವಾರವಿಡೀ ಉಡುಪಿಯಲ್ಲಿ ಕಚೇರಿ, ಭಾನುವಾರ ತೋಟ. ಯಂತ್ರ ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ಸುಮ್ಮನೆ ಕೂರುತ್ತದೆ. ಕೆಲಸದವರು ಬಂದ ದಿನ ನಾನು ಮನೆಯಲ್ಲಿ ಇರುವುದಿಲ್ಲ. ಕೆಳಗಿನ ಮಾತುಗಳನ್ನೆಲ್ಲ ಈ ಎರಡು ಸಂಗತಿಗಳನ್ನು ನೆನಪಿಟ್ಟುಕೊಂಡೇ ಓದಬೇಕು. ದಿನವೂ ಯಂತ್ರ ಹಿಡಿಯುವವರಿಗೆ ನನ್ನ ತೀರ್ಪು ಹೊಂದದೆ ಇರಬಹುದು. ಸಿಸಿ, ಅಶ್ವಶಕ್ತಿ, ತೂಕ ಎಲ್ಲವೂ ಪೆಟ್ಟಿಗೆಯ ಮೇಲೆ ಅಚ್ಚಾಗಿರುತ್ತವೆ, ಅಲ್ಲೇ ನೋಡಿಕೊಳ್ಳಿ.

ಕುಳಿತು ಓಡಿಸುವುದನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ಎಲ್ಲರಿಗೂ ಆಸೆ ಅದರ ಮೇಲೆಯೇ. ಸಂಬಂಧಿಕರದು ಸಮತಟ್ಟಾದ ಹುಲ್ಲುಹಾಸು, ಮದುವೆ ಆರತಕ್ಷತೆಗೆ ಬಾಡಿಗೆಗೆ ಕೊಡುವ ಜಾಗ. ಅಲ್ಲಿ ಅದು ರಾಜ. ಬೇಸಿಗೆಯಲ್ಲಿ ಅರ್ಧ ಎಕರೆಯನ್ನು ಬೆವರದೆ ಮುಗಿಸಬಹುದು. ಆದರೆ ಅದರ ಅರ್ಧದಷ್ಟು ಸುರಕ್ಷತೆ ಇರುವುದು ಆಸನದ ಅಡಿಯ ಒಂದು ಸಣ್ಣ ಸ್ವಿಚ್ಚಿನಲ್ಲಿ. ಅಲಗು ತಿರುಗುತ್ತಿರುವಾಗ ಚಾಲಕ ಎದ್ದರೆ ಎಂಜಿನ್ ನಿಲ್ಲಬೇಕು. ಇವರು ತಂದದ್ದು ಹಳೆಯ ಯಂತ್ರ. ಹಿಂದಿನ ಮಾಲೀಕರು ಯಾರೋ ಆ ಸ್ವಿಚ್ಚಿನ ಎರಡು ತಂತಿಗಳನ್ನು ಒಂದಕ್ಕೊಂದು ತಿರುಚಿ, ಮೇಲೆ ಕಪ್ಪು ಟೇಪು ಸುತ್ತಿ ಅದರ ಬಾಯಿ ಮುಚ್ಚಿಸಿದ್ದರು. ಇಳಿದು ತೆಂಗಿನ ಗರಿ ಎತ್ತಿ ಹಾಕಿ ಮತ್ತೆ ಹತ್ತುವ ಅವಸರಕ್ಕೆ ಮಾಡಿದ ಉಪಾಯವಿರಬೇಕು. ಹಳೆಯದನ್ನು ಕೊಳ್ಳುವವರು ಮೊದಲು ಆ ಆಸನವನ್ನು ಎತ್ತಿ ನೋಡಿ.

ಇಳಿಜಾರಿನಲ್ಲಿ ಅದನ್ನು ಮೇಲಕ್ಕೂ ಕೆಳಕ್ಕೂ ನೇರವಾಗಿ ಓಡಿಸಬೇಕು, ಅಡ್ಡಡ್ಡವಾಗಿ ಅಲ್ಲ. ಅಡ್ಡ ಹೋದರೆ ಮಗುಚಿಕೊಳ್ಳುವ ಅಪಾಯ. 15 ಡಿಗ್ರಿಗಿಂತ ಕಡಿದಾದ ಕಡೆಗೆ ಒಯ್ಯಲೇಬಾರದು. ಹಿಂದಕ್ಕೆ ತೆಗೆಯುವಾಗ ಅಲಗನ್ನು ನಿಲ್ಲಿಸಿ, ಹಿಂದೆ ತಿರುಗಿ ನೋಡಬೇಕು. ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಓಡಿಸುವ ಪ್ರೀತಿ ಬೇಡವೇ ಬೇಡ. ಒದ್ದೆ ಹುಲ್ಲಿನಲ್ಲಿ ಚಕ್ರ ಜಾರುತ್ತದೆ, ಬ್ರೇಕಿಗೆ ಹಿಡಿತವಿರುವುದಿಲ್ಲ. ನಮ್ಮಲ್ಲಿ ಹುಲ್ಲು ಒದ್ದೆ ಇಲ್ಲದ ದಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಷ್ಟು ಸಿಕ್ಕೀತು? ಸರಿಯಾಗಿ ಹುಲ್ಲು ಬೆಳೆಯುವ ಕಾಲದಲ್ಲೇ ಯಂತ್ರ ಮನೆಯೊಳಗೆ. ಒಂದು ದಿನ ಹೊಳವಾಯಿತೆಂದು ಹೊರಗೆ ತೆಗೆದರೆ ಅಲಗಿನ ಕವಚದೊಳಗೆ ಹಸಿ ಹುಲ್ಲು ಸೆಗಣಿಯಷ್ಟು ದಪ್ಪಕ್ಕೆ ಮೆತ್ತಿಕೊಳ್ಳುತ್ತದೆ. ಕೀಲಿ ತೆಗೆದು, ಪ್ಲಗ್ಗಿನ ವೈರ್ ಕಳಚಿ, ಅಲಗು ಪೂರ್ತಿ ನಿಂತ ಮೇಲೆ ಕೋಲಿನಿಂದ ಕೆರೆಯಬೇಕು. ಬಿಟ್ಟರೆ ಆ ಹುಲ್ಲಿನ ತೇವಕ್ಕೆ ತಗಡು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಬೆಲೆ ಲಕ್ಷಗಳಲ್ಲಿ. ಅಡಿಕೆ ತೋಟದಲ್ಲಿ ಕಣಿ ದಾಟುವುದಿಲ್ಲ. ಅಲ್ಲಿಗೆ ಅದರ ಮಾತು ಮುಗಿಯಿತು.

ಉಳಿದದ್ದು ಟು-ಸ್ಟ್ರೋಕ್, ಫೋರ್-ಸ್ಟ್ರೋಕ್ ಜಗಳ.

ಟು-ಸ್ಟ್ರೋಕ್‌ನ ಗುಣಗಳನ್ನು ಮುಚ್ಚಿಡುವುದಿಲ್ಲ. ಅಗ್ಗ. ಹಗುರ. ಆಕ್ಸಿಲರೇಟರ್ ಒತ್ತಿದ ತಕ್ಷಣ ಜೋರು ಬರುತ್ತದೆ, ಗುಡ್ಡದ ಗಟ್ಟಿ ಕಾಂಡಗಳಿಗೆ ಅದು ಒಳ್ಳೆಯದು. ಬೆನ್ನಿಗೆ ಹೊರುವ ಮಾದರಿಯಾದರೆ ದರೆಯ ಅಂಚಿನಲ್ಲಿ ನಿಂತು ಕೆಳಗಿನದನ್ನು ಕೊಚ್ಚಲು ಕೈ ಸಲೀಸಾಗಿ ತಿರುಗುತ್ತದೆ. ಎಂಜಿನ್ನಿನಿಂದ ಕೋಲಿಗೆ ಹೋಗುವ ಬಗ್ಗುವ ಕೇಬಲ್ಲಿಗೆ ಕಾಲಕಾಲಕ್ಕೆ ಗ್ರೀಸ್ ಹಚ್ಚದಿದ್ದರೆ ಅದು ಕಾದು ತುಂಡಾಗುತ್ತದೆ, ಅದನ್ನೂ ಸಹಿಸಿಕೊಳ್ಳಬಹುದು.

ಸಹಿಸಲಾಗದ್ದು ಅದರ ಊಟ. ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸಿಯೇ ಹಾಕಬೇಕು, ಎಂಜಿನ್ನಿನ ಒಳಗಿನ ಅಷ್ಟೂ ಭಾಗಗಳಿಗೆ ಎಣ್ಣೆ ಸಿಗುವುದು ಅದೊಂದರಿಂದಲೇ. ಎಷ್ಟು ಬೆರೆಸಬೇಕು ಎಂಬಲ್ಲಿಂದ ತಕರಾರು ಶುರು. ಯಂತ್ರದ ಪುಸ್ತಕದಲ್ಲಿ 25:1, ಅಂದರೆ ಲೀಟರಿಗೆ 40 ಮಿಲಿಲೀಟರ್. ಆಯಿಲ್ ಬಾಟಲಿಯ ಮೇಲೆ 50:1, ಅಂದರೆ 20. ಅಂಗಡಿಯವರ ಬಾಯಲ್ಲಿ ‘ಒಂದೂವರೆ ಮುಚ್ಚಳ ಹಾಕಿ ಸಾಕು’. ಯಾವ ಬಾಟಲಿಯ ಮುಚ್ಚಳ ಎಂದು ಕೇಳಿದರೆ ಉತ್ತರವಿಲ್ಲ. ಹೆಚ್ಚಾದರೆ ಹೊಗೆ, ಪ್ಲಗ್ ಕಪ್ಪು, ಸೈಲೆನ್ಸರಿನ ಬಾಯಿಗೆ ಮಸಿ ಕಟ್ಟಿ ಎಂಜಿನ್ ಉಸಿರುಗಟ್ಟುತ್ತದೆ. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಯಂತ್ರದ ಪುಸ್ತಕ ಹೇಳಿದ್ದನ್ನೇ ನಂಬುವುದು ಸರಿಯಾದ ದಾರಿ, ಅದಕ್ಕೆ ಅಳತೆಯ ಗೆರೆಗಳಿರುವ ಸೀಸೆ ಬೇಕೇ ಬೇಕು.

ಬೆರೆಸಿದ್ದು ಯಾವುದು, ಬೆರೆಸದ್ದು ಯಾವುದು ಎಂಬುದು ಎರಡನೆಯ ತಕರಾರು. ಗುರುತು ಸಿಗಲೆಂದೇ 2ಟಿ ಆಯಿಲಿಗೆ ಬಣ್ಣ ಹಾಕಿರುತ್ತಾರೆ. ಕೊಟ್ಟಿಗೆಯ ಮಬ್ಬು ಬೆಳಕಿನಲ್ಲಿ, ಹಳದಿಯಾದ ಕ್ಯಾನಿನಲ್ಲಿ ಆ ಬಣ್ಣ ಕಾಣುವುದು ಅಷ್ಟಕ್ಕಷ್ಟೆ. ದೀಪಾವಳಿಯ ಮುಂಚೆ, ಅಡಿಕೆ ಕೊಯ್ಲಿಗೆ ನೆಲ ಬಿಡಿಸಲು ಬಂದ ಕೆಲಸದವರು ಟ್ಯಾಂಕ್ ಖಾಲಿಯಾದಾಗ ಪಕ್ಕದಲ್ಲಿದ್ದ ಕ್ಯಾನಿನಿಂದ ಬರೀ ಪೆಟ್ರೋಲ್ ಹುಯ್ದರು. ಅವರ ತಪ್ಪೆಂದು ಹೇಳಲಾರೆ. ಅವರ ಸ್ವಂತ ಯಂತ್ರ ಫೋರ್-ಸ್ಟ್ರೋಕ್, ಅಭ್ಯಾಸದ ಕೈ. ಸ್ವಲ್ಪ ಹೊತ್ತು ಎಂದಿಗಿಂತ ಚೆನ್ನಾಗಿಯೇ ಓಡಿತಂತೆ. ಆಮೇಲೆ ಶಬ್ದ ತೆಳ್ಳಗಾಗಿ ನಿಂತಿತು, ಹಗ್ಗ ಎಳೆದರೆ ಜಗ್ಗಲಿಲ್ಲ. ಹಿರಿಯಡಕದ ಮೆಕ್ಯಾನಿಕ್ ಬಿಚ್ಚಿ ಅಂಗೈಯಲ್ಲಿಟ್ಟು ತೋರಿಸಿದರು: ಸೈಲೆನ್ಸರಿನ ಬದಿಗೆ ಪಿಸ್ಟನ್ನಿನ ಮೈಮೇಲೆ ಉದ್ದುದ್ದ ಗೀರುಗಳು, ಉಗುರು ಎಳೆದರೆ ತಡೆಯುವಷ್ಟು ಆಳ. ರಿಂಗ್ ತನ್ನ ಕೊರಕಲಿನಲ್ಲೇ ಅಂಟಿಕೊಂಡು ಅಲ್ಲಾಡುತ್ತಿರಲಿಲ್ಲ. ಸಿಲಿಂಡರ್, ಪಿಸ್ಟನ್ ಎರಡೂ ಹೊಸತು ಬೇಕಾಯಿತು. ಯಂತ್ರದ ಬೆಲೆಯ ಮೂರನೇ ಒಂದು ಪಾಲು ಅಲ್ಲಿಗೆ ಹೋಯಿತು.

ಮೂರನೆಯದು ಈಗಿನ ಪೆಟ್ರೋಲ್. ಪಂಪಿನಲ್ಲಿ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆತದ್ದು. 2023ರಲ್ಲಿ ಆರಂಭವಾಗಿ 2025ರ ಹೊತ್ತಿಗೆ ದೇಶವೆಲ್ಲ ಅದೇ ಆಯಿತು. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಕರಾವಳಿಯ ಮಳೆಗಾಲದಲ್ಲಿ ಅರ್ಧ ತುಂಬಿದ ಟ್ಯಾಂಕನ್ನು ತಿಂಗಳುಗಟ್ಟಲೆ ಬಿಟ್ಟರೆ ಅದು ಕುಡಿಯುವಷ್ಟು ನೀರು ಗಾಳಿಯಲ್ಲೇ ಇದೆ. ಒಂದು ಮಿತಿ ದಾಟಿದ ಮೇಲೆ ನೀರು-ಎಥೆನಾಲ್ ಬೇರೆಯಾಗಿ ತಳಕ್ಕೆ ಇಳಿಯುತ್ತದೆ, 2ಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಫಿಲ್ಟರ್ ಮಲಗಿರುವುದು ತಳದಲ್ಲಿ. ಅಂದರೆ ನೀವು ಎಷ್ಟೇ ನಿಷ್ಠೆಯಿಂದ ಎಣ್ಣೆ ಬೆರೆಸಿದ್ದರೂ ಎಂಜಿನ್ ಹೀರುವುದು ಎಣ್ಣೆಯಿಲ್ಲದ ಪಾಲನ್ನು. ಆದ್ದರಿಂದ ಆ ದಿನಕ್ಕೆ ಬೇಕಾದಷ್ಟೇ ಬೆರೆಸಬೇಕು, ಉಳಿದದ್ದನ್ನು ಸುರಿದುಬಿಡಬೇಕು, ಕಾರ್ಬ್ಯುರೇಟರ್ ಖಾಲಿಯಾಗಿ ತಾನೇ ನಿಲ್ಲುವವರೆಗೆ ಓಡಿಸಬೇಕು. ಭಾನುವಾರ ಸಂಜೆ ಉಡುಪಿಗೆ ಮರಳುವ ಬಸ್ಸು ಹಿಡಿಯಬೇಕಾದವರು ಇದನ್ನೆಲ್ಲ ಪ್ರತಿಸಲವೂ ಮಾಡುತ್ತಾರೆಯೇ? ನಾನಂತೂ ಮಾಡುವವನಲ್ಲ.

ಫೋರ್-ಸ್ಟ್ರೋಕ್‌ಗೆ ಬರೀ ಪೆಟ್ರೋಲ್ ಸಾಕು, ಎಣ್ಣೆಗೆ ಬೇರೆಯೇ ಜಾಗ. ಕೊಟ್ಟಿಗೆಯಲ್ಲಿ ಒಂದೇ ಕ್ಯಾನ್. ಯಾರು ಬಂದು ಹುಯ್ದರೂ ತೊಂದರೆಯಿಲ್ಲ. ನನ್ನ ಯಂತ್ರದಲ್ಲಿರುವುದು ಹೋಂಡಾದ 35.8 ಸಿಸಿ ಎಂಜಿನ್. ಅದಕ್ಕೆ ಹಿಡಿಸುವ ಆಯಿಲ್ 100 ಮಿಲಿಲೀಟರ್ ಅಷ್ಟೆ, 10ಡಬ್ಲ್ಯು-30 ದರ್ಜೆಯದು. ಮೊದಲ 10 ಗಂಟೆಗೆ ಒಮ್ಮೆ, ಆಮೇಲೆ 50 ಗಂಟೆಗೆ ಅಥವಾ ಆರು ತಿಂಗಳಿಗೆ ಒಮ್ಮೆ ಬದಲಿಸಬೇಕು. ಹೊಗೆ ಇಲ್ಲ, ಬಟ್ಟೆಗೆ ವಾಸನೆ ಅಂಟುವುದಿಲ್ಲ, ಶಬ್ದವೂ ಸ್ವಲ್ಪ ಗಂಭೀರ. ಕಾರ್ಬ್ಯುರೇಟರ್ ಖಾಲಿ ಮಾಡುವ ಶಿಸ್ತು ಇದಕ್ಕೂ ಬೇಕು. ಮರೆತರೆ ಹಗ್ಗ ಎಳೆದು ತೋಳು ನೋಯಬಹುದೇ ಹೊರತು ಪಿಸ್ಟನ್ ಸಾಯುವುದಿಲ್ಲ.

ಕುಂದುಗಳೂ ಇವೆ. ಎಣ್ಣೆ ಕಡಿಮೆಯಾದರೆ ಎಚ್ಚರಿಸುವ ದೀಪವಿಲ್ಲ, ಪ್ರತಿ ಬಾರಿ ಸಮನೆಲದಲ್ಲಿ ಇಟ್ಟು ಮುಚ್ಚಳ ತೆಗೆದು ನೋಡಲೇಬೇಕು. ‘ಸ್ವಲ್ಪ ಜಾಸ್ತಿ ಇರಲಿ’ ಎಂದು ಕಂಠಮಟ್ಟ ಮೀರಿಸಿದರೆ ಎಣ್ಣೆ ಏರ್ ಫಿಲ್ಟರಿನ ಸ್ಪಂಜನ್ನು ತೋಯಿಸಿ ಬಿಳಿ ಹೊಗೆ ಏಳುತ್ತದೆ. ಹೆಗಲಿಗೆ ಭಾರ, ಪಟ್ಟಿಯನ್ನು ಸೊಂಟದ ಮೇಲೆ ಭಾರ ಬೀಳುವಂತೆ ಹೊಂದಿಸಿಕೊಳ್ಳದಿದ್ದರೆ ಮರುದಿನ ಕಚೇರಿಯಲ್ಲಿ ಕುತ್ತಿಗೆ ತಿರುಗುವುದಿಲ್ಲ. ಹೆಸರಿಲ್ಲದ ಕಂಪನಿಯ ಟು-ಸ್ಟ್ರೋಕ್‌ಗಿಂತ ಎರಡು-ಮೂರು ಪಟ್ಟು ಬೆಲೆ.

ಕಡಿದಾದ ದರೆಯಲ್ಲಿ ಮಾತ್ರ ಟು-ಸ್ಟ್ರೋಕ್ ಮೇಲುಗೈ, ಒಪ್ಪುತ್ತೇನೆ. ಆದರೆ ಬೆನ್ನಿಗೆ ಕಟ್ಟಿಕೊಂಡದ್ದನ್ನು ಕಳಚುವುದು ಸುಲಭವಲ್ಲ. ಹುಲ್ಲಿನ ಬುಡದಲ್ಲಿ ಕಣಜದ ಗೂಡಿಗೆ ಅಲಗು ತಗುಲಿದವರಿಗೆ ಇದರ ಅರ್ಥ ಗೊತ್ತು. ಹೆಗಲಿನದಾದರೆ ಕೊಕ್ಕೆ ಬಿಡಿಸಿ ಬಿಸಾಡಿ ಓಡಬಹುದು. ಕೊಳ್ಳುವಾಗ ಆ ಕೊಕ್ಕೆಯನ್ನು ಒಂದೇ ಕೈಯಲ್ಲಿ ಬಿಡಿಸಿ ನೋಡಿ.

ಎರಡಕ್ಕೂ ಒಂದೇ ಅಪಾಯಗಳು. ಮುರಕಲ್ಲಿನ ಚೂರು ಅಲಗಿಗೆ ಸಿಕ್ಕರೆ ಗುಂಡಿನ ವೇಗದಲ್ಲಿ ಹಾರುತ್ತದೆ, ಸುತ್ತ 15 ಮೀಟರಿನೊಳಗೆ ಯಾರೂ ಇರಬಾರದು, ಕರುವೂ. ಮಳೆಯಲ್ಲಿ ಪ್ಲಾಸ್ಟಿಕ್ ಕನ್ನಡಕ ಮಬ್ಬಾಗುತ್ತದೆಂದು ತೆಗೆದಿಡುವವರೇ ಹೆಚ್ಚು. ಅದರ ಬದಲು ಜಾಲರಿಯ ಮುಖಕವಚ ಹಾಕಿಕೊಳ್ಳಿ, ಸಣ್ಣ ಚೂರಿಗೆ ಒಳಗೊಂದು ಕನ್ನಡಕ ಇದ್ದರೆ ಇನ್ನೂ ಒಳ್ಳೆಯದು. ಗಮ್ ಬೂಟು, ಕಿವಿಗೆ ಮುಚ್ಚಳ ಕಡ್ಡಾಯ. ಅಲಗು ಮೇಲಿನಿಂದ ನೋಡಿದರೆ ಎಡಕ್ಕೆ ಸುತ್ತುತ್ತದೆ, ಆದ್ದರಿಂದ ಬಲದಿಂದ ಎಡಕ್ಕೆ ಬೀಸಿ ಕೊಚ್ಚಬೇಕು. ಅಲಗಿನ ಮುಂಭಾಗದ ಬಲ ಅಂಚು, ಗಡಿಯಾರದ 12 ಮತ್ತು 3ರ ನಡುವಿನದು, ದಪ್ಪ ಕಾಂಡಕ್ಕೆ ತಾಗಿದರೆ ಇಡೀ ಕೋಲು ಒದ್ದುಕೊಂಡು ಬರುತ್ತದೆ. ಆಕ್ಸಿಲರೇಟರ್ ಬಿಟ್ಟ ಮೇಲೂ ಅಲಗು ತಿರುಗುತ್ತಲೇ ಇದ್ದರೆ ಎಂಜಿನ್ನಿನ ಕನಿಷ್ಠ ವೇಗ ಹೊಂದಿಸುವ ಐಡಲ್ ಸ್ಕ್ರೂ ಇಳಿಸಿ. ಹಾಗೆಯೇ ಕೆಲಸ ಮಾಡಬೇಡಿ. ಅಲಗಿನ ನಟ್ ಎಡಮರೆಯದು, ಬಲಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ. ಗೇರ್ ಪೆಟ್ಟಿಗೆಗೆ ಗ್ರೀಸ್ ತುಂಬುವ ತೂತಿದೆ, 25 ಗಂಟೆಗೊಮ್ಮೆ ನೆನಪಿಡಿ.

ಮೆಣಸಿನ ಬಳ್ಳಿಯ ಬುಡದಲ್ಲಿ ಅಲಗಿನ ಬದಲು ಹಾಕುವ ನೈಲಾನ್ ದಾರವೂ ಬೇಡ. ಮೆತ್ತಗಿದೆ ಎಂದು ನಂಬಿ ಹತ್ತಿರ ಒಯ್ದರೆ ಸಿಪ್ಪೆ ಸುಲಿದುಬಿಡುತ್ತದೆ. ಸುತ್ತ ಒಂದು ಗೇಣನ್ನು ಕತ್ತಿಗೇ ಬಿಡಿ.

ಬ್ಯಾಟರಿಯದು ಅಂಗಳಕ್ಕೆ ಸರಿ, ತೋಟಕ್ಕೆ ಸಾಲದು.

ಇಷ್ಟಾದರೂ ನನ್ನ ಹಳೆಯ ಟು-ಸ್ಟ್ರೋಕ್ ಈಗ ಪಕ್ಕದ ಮನೆಯವರ ಬೆನ್ನ ಮೇಲೆ ಚೆನ್ನಾಗಿಯೇ ಓಡುತ್ತಿದೆ. ಅವರಿಗೆ ಹುಲ್ಲು ಕೊಚ್ಚುವುದೇ ದುಡಿಮೆ. ಬೆಳಿಗ್ಗೆ ತಾವೇ ಅಳೆದು ಬೆರೆಸುತ್ತಾರೆ, ಸಂಜೆಗೆ ಟ್ಯಾಂಕ್ ಖಾಲಿ, ಬೇರೆಯವರ ಕೈಗೆ ಕೊಡುವುದಿಲ್ಲ. ಅಂಥವರು ಫೋರ್-ಸ್ಟ್ರೋಕ್‌ಗೆ ಹೆಚ್ಚು ಹಣ ಸುರಿಯಬೇಕಾಗಿಲ್ಲ. ವಾರಕ್ಕೊಮ್ಮೆ ತೋಟ ನೋಡುವವರು, ಕೆಲಸದವರ ಕೈಗೆ ಯಂತ್ರ ಬಿಟ್ಟು ಹೋಗುವವರು ಸುರಿಯಲೇಬೇಕು. ರೈತ ಸಂಪರ್ಕ ಕೇಂದ್ರದಲ್ಲಿ ಪಹಣಿ, ಆಧಾರ್ ಕೊಟ್ಟು ಸಬ್ಸಿಡಿಗೆ ಅರ್ಜಿ ಹಾಕಿದರೆ ಬೆಲೆಯ ಅಂತರ ಬಹಳಷ್ಟು ಇಳಿಯುತ್ತದೆ. ಕೊಂಡ ಮೇಲೆ ಹೋದರೆ ಪ್ರಯೋಜನವಿಲ್ಲ, ಮೊದಲೇ ವಿಚಾರಿಸಿ. ಹಣ ಕಟ್ಟುವ ಮುನ್ನ ಆ ಅಂಗಡಿಯಲ್ಲಿ ಪ್ರೈಮರ್ ಬಲ್ಬ್ (ಸ್ಟಾರ್ಟ್ ಮಾಡುವ ಮುನ್ನ ಒತ್ತುವ ಗುಳ್ಳೆ), ಏರ್ ಫಿಲ್ಟರಿನ ಸ್ಪಂಜು, ಅಲಗಿನ ನಟ್ ಈ ಮೂರು ಬಿಡಿಭಾಗಗಳು ಇವೆಯೇ ಎಂದು ಕೇಳಿ. ‘ತರಿಸಿಕೊಡುತ್ತೇವೆ’ ಎಂದರೆ ಬೇರೆ ಅಂಗಡಿಗೆ ಹೋಗಿ.