ಹಸಿ ಬಾದಾಮಿ, ಹಸಿ ಗೋಡಂಬಿ: ನಿಜವಾಗಿ ಹಸಿ ಯಾವುದು?

ಮೂರು ವರ್ಷದಿಂದ ನಮ್ಮ ಮನೆಯಲ್ಲಿ ಬೆಳಗ್ಗೆ ಒಲೆ ಹಚ್ಚುವುದಿಲ್ಲ. ಹಣ್ಣು, ಮೊಳಕೆ ಕಾಳು, ತುರಿದ ತರಕಾರಿ, ಜೊತೆಗೆ ಒಂದು ಹಿಡಿ ಬೀಜ. ಇಷ್ಟೇ ತಿಂಡಿ. ಹಣ್ಣು ತರಕಾರಿಯಲ್ಲಿ ಗೊಂದಲವೇ ಇಲ್ಲ, ಅದು ಹಸಿಯೇ. ತಲೆ ಕೆಡಿಸಿದ್ದು ಆ ಒಂದು ಹಿಡಿ ಬೀಜ.

ಮೊದಲ ದಿನ ಡ್ರೈಫ್ರೂಟ್ಸ್ ಅಂಗಡಿಗೆ ಹೋಗಿ, "ಅಣ್ಣ, ಈ ಗೋಡಂಬಿ ಹಸೀದಾ?" ಅಂತ ಕೇಳಿದೆ. "ಹಸೀದೇ ಮೇಡಂ, ಹುರಿದಿಲ್ಲ, ಉಪ್ಪೂ ಹಾಕಿಲ್ಲ" ಅಂದರು. ಅವರು ಸುಳ್ಳು ಹೇಳಲಿಲ್ಲ. ಅಂಗಡಿಯಲ್ಲಿ ಹಸಿ ಅಂದರೆ ಹುರಿಯದ್ದು ಅಷ್ಟೇ. ಹಸಿ ಆಹಾರ ತಿನ್ನುವವರ ಲೆಕ್ಕ ಬೇರೆ. 42ರಿಂದ 48 ಡಿಗ್ರಿ ಸೆಲ್ಸಿಯಸ್ ಒಳಗೆ ಎಲ್ಲೋ ಒಂದು ಗೆರೆ ಹಾಕಿಕೊಂಡಿರುತ್ತಾರೆ, ಅದಕ್ಕಿಂತ ಜಾಸ್ತಿ ಬಿಸಿ ತಾಗಿರಬಾರದು. ನಾನು 45 ಅಂತ ಇಟ್ಟುಕೊಂಡೆ. ಆ ಗೆರೆ ಹಿಡಿದುಕೊಂಡು ನೋಡಿದರೆ ಅಂಗಡಿಯ ಅರ್ಧ ಡಬ್ಬಿಗಳು ಆಚೆ ಹೋಗುತ್ತವೆ. ಯಾವುದು ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಅಂತ ಒಂದೊಂದಾಗಿ ತಂದು, ನೆನೆಸಿ, ಒಣಗಿಸಿ, ತಿಂದು ನೋಡಿದ್ದನ್ನು ಇಲ್ಲಿ ಬರೆದಿದ್ದೇನೆ.

ಗೋಡಂಬಿಯಿಂದಲೇ ಶುರು ಮಾಡುತ್ತೇನೆ, ಯಾಕಂದರೆ ಜಾಸ್ತಿ ಬೇಜಾರಾಗಿದ್ದು ಅದರಿಂದ. ಪ್ಯಾಕೆಟ್ ಮೇಲೆ ಏನೇ ಬರೆದಿರಲಿ, ಅಂಗಡಿಯ ಬಿಳಿ ಗೋಡಂಬಿ ಹಸಿ ಅಲ್ಲ. ಅದರ ಹೊರಸಿಪ್ಪೆಯೊಳಗೆ ಚರ್ಮ ಸುಡುವ ಎಣ್ಣೆ ಇದೆ. ಮಾವಿನ ಸೊನೆ, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರು, ಗೋಡಂಬಿ ಎಲ್ಲ ಒಂದೇ ಕುಟುಂಬದವು. ಹಾಗಾಗಿ ಕಾರ್ಖಾನೆಯಲ್ಲಿ ಬೀಜವನ್ನು ಮೊದಲು ಹಬೆಯಲ್ಲಿ ಬೇಯಿಸುತ್ತಾರೆ, ಇಲ್ಲವೇ ಹುರಿಯುತ್ತಾರೆ. ಆಮೇಲೆ ಕತ್ತರಿಸಿ ತಿರುಳು ತೆಗೆಯುತ್ತಾರೆ. ಅಲ್ಲಿಗೆ ಮುಗಿಯಲಿಲ್ಲ. ಒಳಗಿನ ಕೆಂಪು ಸಿಪ್ಪೆ ಸುಲಿಯಲು ಬರಬೇಕಲ್ಲ, ಅದಕ್ಕೆ ಮತ್ತೆ 70 ಡಿಗ್ರಿ ಆಸುಪಾಸಿನ ಬಿಸಿಗಾಳಿಯಲ್ಲಿ ಗಂಟೆಗಟ್ಟಲೆ ಒಣಗಿಸುತ್ತಾರೆ. ಅಂದರೆ ಎರಡು ಸಲ ಬಿಸಿ. ಡಬ್ಲ್ಯೂ 180, ಡಬ್ಲ್ಯೂ 240, ಡಬ್ಲ್ಯೂ 320 ಅಂತ ಇರುತ್ತದಲ್ವಾ, ಅದು ಒಂದು ಪೌಂಡಿಗೆ ಎಷ್ಟು ಬೀಜ ತೂಗುತ್ತದೆ ಅನ್ನುವ ಲೆಕ್ಕ ಮಾತ್ರ. ಬಿಸಿ ಎಲ್ಲದಕ್ಕೂ ತಾಗಿರುತ್ತದೆ.

ಇದು ಓದಿ ತಿಳಿದದ್ದಲ್ಲ. ನನ್ನ ಅಜ್ಜಿ ಮನೆ ಪುತ್ತೂರು ಕಡೆ, ಅಲ್ಲಿ ಗೇರುಬೀಜದ ಸಂಶೋಧನಾ ಕೇಂದ್ರವೇ ಇದೆ. ಚಿಕ್ಕಂದಿನಲ್ಲಿ ಗೇರುಬೀಜದ ಕಾರ್ಖಾನೆಯ ಹಬೆ ವಾಸನೆ ಮೂಗಿಗೆ ಬಡಿದ ನೆನಪು ಈಗಲೂ ಇದೆ. ಆದರೂ ಪೇಟೆಗೆ ಬಂದ ಮೇಲೆ ಪ್ಯಾಕೆಟ್ ನಂಬಿದ್ದೆ.

ಇದಕ್ಕೆ ಎದುರಾಗಿ ಇಡಬಹುದಾದದ್ದು ಎಳೆ ಗೇರುಬೀಜ. ಬೇಸಿಗೆ ಶುರುವಾಗುವ ಹೊತ್ತಿಗೆ, ಬೀಜ ಇನ್ನೂ ಹಸಿರಾಗಿರುವಾಗಲೇ ಕೊಯ್ದು ತರುತ್ತಾರೆ. ಕಳೆದ ಸಲ ಅಜ್ಜಿಯ ಪಕ್ಕ ಕೂತು ನಾನೂ ಕತ್ತರಿಸಿದೆ. "ಎಣ್ಣೆ ಹಚ್ಚದೆ ಮುಟ್ಟಬೇಡ ಮಗಾ, ಸೊನೆ ತಾಗಿದ್ರೆ ಚರ್ಮವೇ ಎದ್ದು ಬರ್ತದೆ" ಅಂತ ಅಜ್ಜಿ ಮೊದಲು ನನ್ನ ಎರಡೂ ಕೈಗೆ ತೆಂಗಿನೆಣ್ಣೆ ಸವರಿದರು. ಆಮೇಲೆ ಸ್ವಲ್ಪ ಬೂದಿ. ಬೀಜವನ್ನು ಉದ್ದಕ್ಕೆ ಸೀಳಿ, ಚಿಕ್ಕ ಕಡ್ಡಿಯಿಂದ ತಿರುಳನ್ನು ಎಬ್ಬಿಸಬೇಕು. ಹಾಲಿನ ಬಣ್ಣದ ಮೆತ್ತಗಿನ ಬೀಜ, ಮೇಲೆ ತೆಳು ಪೊರೆ. ಪೊರೆ ಸುಲಿಯಲು ಅಜ್ಜಿ ಬಿಸಿನೀರಿಗೆ ಹಾಕುತ್ತಾರೆ. ನಾನು ತಣ್ಣೀರಿನಲ್ಲೇ ಒಂದು ರಾತ್ರಿ ಬಿಟ್ಟೆ, ಬೆಳಗ್ಗೆ ಉಗುರಿನಿಂದ ಬಂತು. ಮೂರು ನಾಲ್ಕು ನೀರಲ್ಲಿ ತೊಳೆದೆ.

ರುಚಿಗೆ ಒಣ ಗೋಡಂಬಿಯ ಹೋಲಿಕೆಯೇ ಇಲ್ಲ. ಎಳೆ ತೆಂಗಿನಕಾಯಿಗೂ ಹಸಿ ಬಟಾಣಿಗೂ ಮಧ್ಯದ ಸಿಹಿ. ಅಜ್ಜಿಗೆ ಇದನ್ನು ಹಾಗೇ ತಿನ್ನುವುದು ಇಷ್ಟವಿಲ್ಲ, ತೊಂಡೆಕಾಯಿ ಜೊತೆ ಪಲ್ಯ ಮಾಡಬೇಕು ಅನ್ನುತ್ತಾರೆ. ಮಾವಿನ ಸೊನೆಗೆ ಮೈ ಕೆರೆಯುವವರು ಇದರ ಹತ್ತಿರ ಹೋಗುವುದೇ ಬೇಡ. ಫ್ರಿಜ್‌ನಲ್ಲಿ ಎರಡು ಮೂರು ದಿನಕ್ಕಿಂತ ಹೆಚ್ಚು ಇಡಲಾಗುವುದಿಲ್ಲ. ಬೆಂಗಳೂರಿನಲ್ಲಿ ಸಿಗುವುದು ಅಪರೂಪ, ಸಿಕ್ಕರೆ ಬೆಲೆ ಜಾಸ್ತಿ. ಹಾಗಾಗಿ ವರ್ಷಕ್ಕೊಮ್ಮೆ ಊರಿಗೆ ಹೋದಾಗ ಮಾತ್ರ. ಉಳಿದ ಹನ್ನೊಂದು ತಿಂಗಳು ಗೋಡಂಬಿ ನನ್ನ ಬೆಳಗಿನ ತಟ್ಟೆಯಲ್ಲಿ ಇರುವುದಿಲ್ಲ. ಚಟ್ನಿಗೋ ಹಾಲು ತೆಗೆಯಲೋ ಪ್ಯಾಕೆಟ್‌ನದೇ ಬೇಕು ಅಂದರೆ ಎರಡು ಗಂಟೆ ನೆನೆಸಿದರೆ ಸಾಕು, ರಾತ್ರಿಯಿಡೀ ಬಿಟ್ಟರೆ ಲೋಳೆಯಾಗುತ್ತದೆ.

ಬಾದಾಮಿಯ ಕಥೆ ಉಲ್ಟಾ. ಅದು ಬೆಳೆಯುವ ದೇಶದಲ್ಲಿ ಸಿಗುವುದಕ್ಕಿಂತ ಹೆಚ್ಚು ಹಸಿಯಾದದ್ದು ನಮಗೆ ಇಲ್ಲಿ ಸಿಗುತ್ತದೆ! ನನ್ನ ತಂಗಿ ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿದ್ದಾಳೆ, ಬಾದಾಮಿ ತೋಟಗಳಿಂದ ಎರಡು ಗಂಟೆ ದಾರಿ. ಅಲ್ಲಿನ ಬಾದಾಮಿ ತಿಂದು ಸಾಲ್ಮೊನೆಲ್ಲಾ ಅನ್ನುವ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾದ ಸೋಂಕು ಹಬ್ಬಿದ ಪ್ರಕರಣಗಳು 2001ರಲ್ಲೂ 2004ರಲ್ಲೂ ಬೆಳಕಿಗೆ ಬಂದವು. ಆಮೇಲೆ 2007ರ ಸೆಪ್ಟೆಂಬರ್‌ನಿಂದ ಕ್ಯಾಲಿಫೋರ್ನಿಯಾ ಬಾದಾಮಿಯನ್ನು ಉತ್ತರ ಅಮೆರಿಕದಲ್ಲಿ ಮಾರಬೇಕಾದರೆ ಪಾಶ್ಚರೀಕರಣ, ಅಂದರೆ ರೋಗಾಣು ಸಾಯುವ ಹಾಗೆ ಸಂಸ್ಕರಣೆ, ಮಾಡಲೇಬೇಕು ಅನ್ನುವ ನಿಯಮ ಬಂತು. ಹಬೆ ಕೊಡುತ್ತಾರೆ, ಇಲ್ಲವೇ ಪ್ರೊಪಿಲೀನ್ ಆಕ್ಸೈಡ್ ಅನ್ನುವ ಅನಿಲ. ಇಷ್ಟು ಮಾಡಿದ ಮೇಲೂ ಪ್ಯಾಕೆಟ್ ಮೇಲೆ 'ಹಸಿ' ಅಂತಲೇ ಹಾಕಬಹುದು. ತಂಗಿ ನಾಲ್ಕು ವರ್ಷ ಅದನ್ನೇ ಹಸಿ ಅಂತ ತಿಂದಳು. ಈಗ ಅವಳು ರೈತರ ಸಂತೆಗೆ ಹೋಗಿ ಬೆಳೆಗಾರರಿಂದಲೇ ತರುತ್ತಾಳೆ. ಸ್ವಂತ ಬೆಳೆಯನ್ನು ನೇರವಾಗಿ ತಿನ್ನುವವರಿಗೆ ಮಾರಿದರೆ ಆ ನಿಯಮದಿಂದ ವಿನಾಯಿತಿ ಇದೆ. ಅಮೆರಿಕದಲ್ಲಿರುವ ನಮ್ಮವರಿಗೆ ಇದು ಉಪಯೋಗಕ್ಕೆ ಬರಬಹುದು.

ಭಾರತಕ್ಕೆ ಬರುವುದಕ್ಕೆ ಆ ನಿಯಮ ಅನ್ವಯಿಸುವುದಿಲ್ಲ. ಬಹುಪಾಲು ಬಾದಾಮಿ ಚಿಪ್ಪಿನ ಸಮೇತ ಹಡಗಿನಲ್ಲಿ ಬಂದು ಇಲ್ಲೇ ಒಡೆಸಿಕೊಳ್ಳುತ್ತದೆ. ಹಾಗಾಗಿ ನಾನು ಮೂರು ಬಗೆ ತಂದೆ. ಪ್ಯಾಕೆಟ್‌ನ ಕ್ಯಾಲಿಫೋರ್ನಿಯಾ ಬಾದಾಮಿ, ಚಿಪ್ಪಿನ ಸಮೇತದ ಕ್ಯಾಲಿಫೋರ್ನಿಯಾ ಬಾದಾಮಿ, ಮತ್ತೆ ಇರಾನ್ ಕಡೆಯಿಂದ ಬರುವ ಮಾಮ್ರಾ. ಒಂದೊಂದರಲ್ಲಿ ಹತ್ತು ಬೀಜ ತೆಗೆದು ಮೊಳಕೆ ಬರುತ್ತದಾ ನೋಡೋಣ ಅಂತ ಹೊರಟೆ. ಒಂದು ವಾರ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೂ ಒಂದೂ ಮೊಳೆಯಲಿಲ್ಲ. ಮೂರೂ ಬೆಂದದ್ದೇ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ. ಆಮೇಲೆ ಗೊತ್ತಾಯಿತು, ಬಾದಾಮಿ ಚಳಿಗಾಲ ಬೇಡುವ ಮರ. ಕೆಲವು ವಾರ ಚಳಿ ತಿನ್ನದೆ ಅದರ ಬೀಜ ಏಳುವುದಿಲ್ಲ. ಹೆಸರುಕಾಳಿನ ಹಾಗೆ ಎರಡು ದಿನದಲ್ಲಿ ಬಾಲ ಬಿಡಲಿಲ್ಲ ಅಂತ ಅದು ಸತ್ತ ಬೀಜ ಅನ್ನುವ ಹಾಗಿಲ್ಲ.

ಎರಡನೇ ಸಲ ಫ್ರಿಜ್‌ನ ತರಕಾರಿ ಡಬ್ಬದಲ್ಲಿ ಆರು ವಾರ ಇಟ್ಟೆ. ಚಿಪ್ಪಿನಿಂದ ನಾನೇ ಒಡೆದು ತೆಗೆದ ಹತ್ತರಲ್ಲಿ ಏಳಕ್ಕೆ ಬಿಳಿ ಬೇರು ಬಂತು. ಮಾಮ್ರಾದಲ್ಲಿ ಐದು. ಪ್ಯಾಕೆಟ್‌ನದರಲ್ಲಿ ಎರಡು, ಉಳಿದವು ಕೊಳೆತವು. ಒಬ್ಬಳ ಅಡುಗೆಮನೆಯ ಪರೀಕ್ಷೆ ಇದು, ಪ್ಯಾಕೆಟ್‌ನದು ಹಳೆಯದಾಗಿದ್ದರಿಂದಲೂ ಹಾಗಾಗಿರಬಹುದು. ನನಗೆ ಅಷ್ಟು ಸಾಕಾಯಿತು. ಮಾಮ್ರಾಗೆ ನಾನು ಮೂರು ಪಟ್ಟು ದುಡ್ಡು ಕೊಟ್ಟಿದ್ದೆ. ಎಣ್ಣೆ ಅಂಶ ಜಾಸ್ತಿ, ಅಗಿದಾಗ ಗೊತ್ತಾಗುತ್ತದೆ, ನಿಜ. ದಿನಾ ತಿನ್ನಲು ಆ ಬೆಲೆ ಕೊಡಬೇಕು ಅನ್ನಿಸಲಿಲ್ಲ. ಚಿಪ್ಪಿನ ಬಾದಾಮಿಯೇ ನನ್ನ ಆಯ್ಕೆ. ಅಫ್ಘಾನಿಸ್ತಾನದ ಚಿಕ್ಕ ಗುರ್ಬಂದಿ ಬಾದಾಮಿಯನ್ನೂ ತಂದಿದ್ದೆ. ನನ್ನ ಚೀಲದಲ್ಲಿ ನಡುನಡುವೆ ಕಹಿ ಸಿಕ್ಕಿತು. ಕಹಿ ಬಾದಾಮಿಯನ್ನು ಉಗಿದುಬಿಡಿ, ಅದರಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಇರುತ್ತದೆ. ಮಕ್ಕಳ ಕೈಗೆ ಆ ಬಗೆ ಕೊಡಲೇಬೇಡಿ.

ಅಕ್ರೋಟಿನಲ್ಲಿ ಬಿಸಿಗಿಂತ ದೊಡ್ಡ ಶತ್ರು ಗಾಳಿ. ಅದರ ಎಣ್ಣೆ ಬೇಗ ಕಮಟುತ್ತದೆ. ಒಡೆದ ಅಕ್ರೋಟಿನ ಪ್ಯಾಕೆಟ್‌ಗಳನ್ನು ಮೂರು ಕಡೆಯಿಂದ ತಂದೆ. ಎರಡರಲ್ಲಿ ಗಂಟಲು ಕೆರೆಯುವ ಹಳೇ ಎಣ್ಣೆ ರುಚಿ. ಚಳಿಗಾಲದಲ್ಲಿ ನಮ್ಮ ಬೀದಿಗೆ ಶಾಲು ಮಾರಲು ಬರುವ ಕಾಶ್ಮೀರದವರೊಬ್ಬರು ಚೀಲದಲ್ಲಿ ಹೊಸ ಅಕ್ರೋಟು ತಂದಿರುತ್ತಾರೆ. ಅಲ್ಲಿ ಸೆಪ್ಟೆಂಬರ್ ಹೊತ್ತಿಗೆ ಉದುರಿಸಿ, ಹಸಿರು ಸಿಪ್ಪೆ ತೆಗೆದು, ತೊಳೆದು ಬಿಸಿಲಿಗೆ ಹರಡುತ್ತಾರೆ. ಕಾಗಜಿ ಅನ್ನುವ ತೆಳು ಚಿಪ್ಪಿನ ಜಾತಿಯಾದರೆ ಎರಡನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಸಾಕು, ಒಂದು ಒಡೆಯುತ್ತದೆ. ಒಳಗಿನ ಬೀಜ ಹುಲ್ಲಿನ ಬಣ್ಣ. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಯಂತ್ರದ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ, ಆದರೆ 43 ಡಿಗ್ರಿ ದಾಟಿಸುವುದಿಲ್ಲ, ದಾಟಿದರೆ ಎಣ್ಣೆ ಕೆಡುತ್ತದೆ. ಹಾಗಾಗಿ ಚಿಪ್ಪಿನ ಅಕ್ರೋಟು ಈ ಎರಡರಲ್ಲಿ ಎಲ್ಲಿಯದಾದರೂ ನನ್ನ ಗೆರೆಯೊಳಗೆ ಬರುತ್ತದೆ. ಹೊಸದಾ ಹಳೆಯದಾ ಅನ್ನುವುದೊಂದೇ ಪ್ರಶ್ನೆ. ಹುರಿಯದ, ಉಪ್ಪು ಹಾಕದ ಪಿಸ್ತಾ ನನಗೆ ಸಿಕ್ಕಿದ್ದೇ ಕಡಿಮೆ, ಬಿಟ್ಟೆ.

ಕಡಲೆಕಾಯಿ ನಿಜವಾಗಿ ಕಾಳಿನ ಜಾತಿ, ಆದರೂ ಬೀಜಗಳ ಸಾಲಲ್ಲೇ ಇಡುತ್ತೇನೆ. ಕಾರ್ತೀಕದ ಕೊನೆ ಸೋಮವಾರ ಬಸವನಗುಡಿಯ ಪರಿಷೆಗೆ ಹೋದರೆ ಹುರಿದದ್ದು, ಬೇಯಿಸಿದ್ದು, ಹಸಿ ಮೂರೂ ರಾಶಿ ಬಿದ್ದಿರುತ್ತದೆ. ಇಲ್ಲಿ ಹಸಿ ಅಂದರೆ ಹಸಿಯೇ, ಸಿಪ್ಪೆಯಲ್ಲಿ ಇನ್ನೂ ಹೊಲದ ಮಣ್ಣು ಅಂಟಿರುತ್ತದೆ. ಎಂಟು ಗಂಟೆ ನೆನೆಸಿ ಬಟ್ಟೆಯಲ್ಲಿ ಕಟ್ಟಿದರೆ ಮಾರನೇ ದಿನ ದಪ್ಪ ಮೊಳಕೆ. ಹತ್ತಕ್ಕೆ ಒಂಬತ್ತು. ಮೊಳಕೆ ಪರೀಕ್ಷೆಯಲ್ಲಿ ಇದನ್ನು ಮೀರಿಸಿದ್ದು ಇಲ್ಲ, ಬೆಲೆಯಲ್ಲೂ ಇಲ್ಲ. ಹಸಿ ಕಡಲೆ ಹೊಟ್ಟೆಗೆ ಭಾರ, ಒಂದು ಹಿಡಿಗಿಂತ ಜಾಸ್ತಿ ನನಗೆ ಆಗುವುದಿಲ್ಲ. ಮುಖ್ಯವಾದ ಮಾತು ಬೂಸ್ಟು. ಮುರುಟಿದ, ಕಪ್ಪಾದ, ಬೂಸ್ಟು ಹಿಡಿದ ಒಂದು ಕಾಳನ್ನೂ ಬಾಯಿಗೆ ಹಾಕಬೇಡಿ. ಆ ಬೂಸ್ಟಿನ ಅಫ್ಲಾಟಾಕ್ಸಿನ್ ಲಿವರ್‌ಗೆ ವಿಷ, ಮನೆಯಲ್ಲಿ ಹುರಿದರೂ ಪೂರ್ತಿ ಹೋಗುವುದಿಲ್ಲ.

ಇನ್ನು ನೆನೆಸುವುದು, ಒಣಗಿಸುವುದು. ಕಬ್ಬಿಣ, ಸತುವಿನಂಥ ಖನಿಜ ಮೈಗೆ ಸೇರುವುದನ್ನು ತಡೆಯುವ ಫೈಟಿಕ್ ಆಮ್ಲ ಬಾದಾಮಿಯಲ್ಲಿದೆ, ನೆನೆಸಿದರೆ ಅದೆಲ್ಲ ಹೋಗುತ್ತದೆ ಅಂತ ಹೇಳುವವರಿದ್ದಾರೆ. ಇಡೀ ಬೀಜವನ್ನು ನೆನೆಸಿದ ಮಾತ್ರಕ್ಕೆ ಅದು ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ. ನಾನು ನೆನೆಸುವುದು ಮೆತ್ತಗಾಗಲಿ, ಸಿಪ್ಪೆ ಬಿಡಲಿ, ಕೊಳೆ ಹೋಗಲಿ ಅಂತ. ಬಾದಾಮಿಗೆ ಹತ್ತು ಗಂಟೆ, ಅಕ್ರೋಟಿಗೆ ಆರು. ಅವತ್ತಿನದು ಅವತ್ತೇ ತಿಂದರೆ ಯಾವ ತೊಂದರೆಯೂ ಇಲ್ಲ.

ಒಟ್ಟಿಗೆ ನೆನೆಸಿ ಒಣಗಿಸಿಡಲು ಹೋದರೆ ಕಷ್ಟ. ಆಗಸ್ಟ್‌ನ ಮಳೆಯಲ್ಲಿ ಅರ್ಧ ಕೆಜಿ ಬಾದಾಮಿಯನ್ನು ಫ್ಯಾನ್ ಕೆಳಗೆ ಹರಡಿದ್ದೆ. ಮೂರನೇ ದಿನ ಹುಳಿ ವಾಸನೆ, ಪೂರ್ತಿ ಚೆಲ್ಲಬೇಕಾಯಿತು. ನಮ್ಮ ಮನೆಯ ಓವನ್ 60 ಡಿಗ್ರಿಗಿಂತ ಕೆಳಗೆ ಇಳಿಯುವುದಿಲ್ಲ. ಏಪ್ರಿಲ್‌ನಲ್ಲಿ ಮಹಡಿ ಮೇಲೆ ಬಿಸಿಲಿಗೆ ಇಟ್ಟು ಥರ್ಮಾಮೀಟರ್ ಹಿಡಿದೆ. ಸ್ಟೀಲ್ ತಟ್ಟೆಯಲ್ಲಿ ಮಧ್ಯಾಹ್ನ 54! ಪಕ್ಕದಲ್ಲೇ ಬಿದಿರಿನ ಮೊರದ ಮೇಲೆ ಬಿಳಿ ಪಂಚೆ ಹಾಸಿ ಹರಡಿದ್ದರಲ್ಲಿ 42. ಅದೇ ಬಿಸಿಲು, ಅದೇ ಹೊತ್ತು. ಅವತ್ತಿನಿಂದ ಬೇಸಿಗೆಯಲ್ಲಿ ಮೊರ, ಮಳೆಗಾಲದಲ್ಲಿ 45ಕ್ಕೆ ಇಟ್ಟ ಡಿಹೈಡ್ರೇಟರ್, ಅಂದರೆ ಸಣ್ಣ ಬಿಸಿಗಾಳಿಯಲ್ಲಿ ಒಣಗಿಸುವ ಯಂತ್ರ. ಡಿಹೈಡ್ರೇಟರ್‌ನಲ್ಲಿ ಬಾದಾಮಿಗೆ ಪೂರ್ತಿ ಒಂದು ಹಗಲು ಒಂದು ರಾತ್ರಿ ಬೇಕು. ಮುರಿದಾಗ ಟಕ್ ಅಂತ ಸದ್ದು ಬರಬೇಕು, ಬಾಗಿದರೆ ಇನ್ನೂ ತೇವ ಇದೆ.

ಬಸುರಿಯರು, ಚಿಕ್ಕ ಮಕ್ಕಳು, ಕಾಯಿಲೆಯಿಂದ ಎದ್ದವರು ಬಿಸಿ ಕಂಡ ಬೀಜವನ್ನೇ ತಿನ್ನುವುದು ಒಳ್ಳೆಯದು. ಸಾಲ್ಮೊನೆಲ್ಲಾ ಸುಮ್ನೆ ಹುಟ್ಟಿಸಿದ ಭಯವಲ್ಲ.

ಎಲ್ಲದರ ನಡುವೆ ನಾನು ನಿರೀಕ್ಷೆ ಮಾಡದೆ ಇದ್ದದ್ದು ತಿಪಟೂರಿನ ಉಂಡೆ ಕೊಬ್ಬರಿ. ಹಸಿ ಆಹಾರದ ಪಟ್ಟಿಯಲ್ಲಿ ಅದನ್ನು ಯಾರೂ ನನಗೆ ಹೇಳಿರಲಿಲ್ಲ. ಬಲಿತ ಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಎಂಟು ತಿಂಗಳಿಂದ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ತಾನೇ ಆರುತ್ತದೆ, ತಿರುಳು ಕರಟದಿಂದ ಬಿಡಿಸಿಕೊಳ್ಳುತ್ತದೆ. ಹಬೆ ಇಲ್ಲ, ಯಂತ್ರ ಇಲ್ಲ. ಬಟ್ಟಲು ಕೊಬ್ಬರಿಯಲ್ಲಿ ಬಿಳುಪಿಗೆ ಗಂಧಕದ ಹೊಗೆ ಕೊಟ್ಟದ್ದೂ ಇರುತ್ತದೆ, ಮೂಸಿದರೆ ಬೆಂಕಿಕಡ್ಡಿ ವಾಸನೆ. ಕರಟದೊಳಗೇ ಒಣಗಿದ ಉಂಡೆಗೆ ಆ ಭಯ ಕಡಿಮೆ. ಬಾದಾಮಿಯಷ್ಟು ಪ್ರೋಟೀನ್ ಇದರಲ್ಲಿಲ್ಲ, ಕೊಬ್ಬು ಜಾಸ್ತಿ, ಹಾಗಾಗಿ ದಿನಕ್ಕೆ ಎರಡು ಬೆರಳಗಲದ ಚೂರು ಸಾಕು.

ಈಗ ತಿಪಟೂರಿನ ಪರಿಚಯದವರು ಕಾಯಿಯನ್ನು ಕರಟದ ಸಮೇತವೇ ಕಳಿಸುತ್ತಾರೆ. ಮೊನ್ನೆ ಹತ್ತು ಬಂದವು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಒಂಬತ್ತು ಅಂದವು. ಹತ್ತನೆಯದರಲ್ಲಿ ಇನ್ನೂ ನೀರಿನ ಸದ್ದು, ಅದನ್ನು ಅಡುಗೆಮನೆಯ ಅಟ್ಟದ ಮೇಲೆ ಇಟ್ಟಿದ್ದೇನೆ. ದೀಪಾವಳಿ ಹೊತ್ತಿಗೆ ಮತ್ತೆ ಅಲ್ಲಾಡಿಸಿ ನೋಡಬೇಕು.